ಹಿತ್ತಲ ಸೈಕಲ್ಲಿಗೆ ಪೇಟೆ ಎಲ್ಲಿ?

ಮುಂಬಯಿಯ ಯಾವ ಉಪನಗರದಲ್ಲಿ ನೆಲೆಸಿದ್ದರೂ ನಮಗೆಲ್ಲ ಸಾಣೆಯವನ ಕೂಗು ಪರಿಚಿತವೇ. ಕಟ್ಟಡದ ಅಂಗಳಕ್ಕೆ ಬಂದು, ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಅದರ ಮೇಲೆ ಕುಳಿತು ಪೆಡಲು ತುಳಿಯತೊಡಗುತ್ತಾನೆ. ಸೈಕಲ್ಲು ಮುಂದಕ್ಕೆ ಹೋಗುವುದಿಲ್ಲ. ಪಟ್ಟಿಯೊಂದು ಎಳೆದು ಮುಂದಿನ ಸಾಣೆಕಲ್ಲು ಗಿರಗಿರನೆ ತಿರುಗುತ್ತದೆ. ಮನೆಮನೆಯ ಮೊಂಡು ಚೂರಿಗಳು ಹರಿತವಾಗುತ್ತವೆ. ಇಂಥ ಸೈಕಲ್ಲನ್ನು ಹೆಸರಾಂತ ಕಾರಖಾನೆಗಳು ತಯಾರಿಸಿ ಅಂಗಡಿಗೆ ಕಳಿಸಿದ್ದಲ್ಲ. ಬೀದಿಬದಿಯ ವೆಲ್ಡಿಂಗ್ ಅಂಗಡಿಯಲ್ಲಿ, ಒಬ್ಬೊಬ್ಬನ ಅಗತ್ಯಕ್ಕೆ ತಕ್ಕಂತೆ ಒಂದೊಂದಾಗಿ ಹುಟ್ಟಿದ್ದು ಅದು.

ಈ ನೋಟ ಕಂಡಾಗಲೆಲ್ಲ ನನಗೊಂದು ಪ್ರಶ್ನೆ ಎದುರಾಗುತ್ತದೆ. ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಇರುವ ನಮ್ಮ ಹುಡುಗನೊಬ್ಬ, ಕಿಕ್ಕಿರಿದ ಲೋಕಲ್ ಗಾಡಿಯಲ್ಲಿ ಮಡಚಿ ಒಯ್ಯಬಹುದಾದ ಒಂದು ವಿಚಿತ್ರ ಸೈಕಲ್ಲನ್ನು ಮನೆಯಲ್ಲೇ ಮಾಡಿದನೆನ್ನಿ. ಮುಂದೆ ಅವನು ಯಾರ ಬಾಗಿಲು ತಟ್ಟಬೇಕು? ಸೈಕಲ್ಲಿನ ಇತಿಹಾಸ ಈ ಪ್ರಶ್ನೆಗೆ ಏನು ಉತ್ತರ ಕೊಡುತ್ತದೆಂಬುದನ್ನು ನೋಡೋಣ.

ಒಂದು ಕಾಲದಲ್ಲಿ ಅವನು ದೂರ ಹೋಗಬೇಕಾಗಿರಲಿಲ್ಲ. ಮುಂಬಯಿಯ ವರ್ಲಿಯಲ್ಲೇ ಸೈಕಲ್ ಕಾರಖಾನೆಯೊಂದಿತ್ತು. ಅದುವರೆಗೆ ನಮ್ಮ ದೇಶದ ರಸ್ತೆಗಳಲ್ಲಿ ಓಡುತ್ತಿದ್ದ ಸೈಕಲ್ಲುಗಳಲ್ಲಿ ಹೆಚ್ಚಿನವು ರಾಲೀ, ಬಿ.ಎಸ್.ಎ., ಹರ್ಕ್ಯುಲಿಸ್ ಮುಂತಾದ ಇಂಗ್ಲೆಂಡಿನ ಮಾಲು. 1939ರಲ್ಲಿ ಸ್ಥಾಪನೆಯಾದ ಹಿಂದ್ ಸೈಕಲ್ಸ್ ಸ್ವದೇಶಿ ಸೈಕಲ್ ಉದ್ಯಮದ ಮೊದಲ ಹೆಜ್ಜೆಗಳಲ್ಲೊಂದು. ಸ್ವಾತಂತ್ರ್ಯಾನಂತರ ಆಸನ್‌ಸೋಲಿನಲ್ಲಿ ಸೆನ್-ರಾಲೀ, ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್, ಸೋನಿಪತ್ತಿನಲ್ಲಿ ಅಟ್ಲಾಸ್ ಹುಟ್ಟಿಕೊಂಡವು. ಬಿಡಿಭಾಗಗಳ ವ್ಯಾಪಾರದಿಂದ ಬಂದ ಮುಂಜಾಲ್ ಸಹೋದರರು 1956ರಲ್ಲಿ ಲುಧಿಯಾನದಲ್ಲಿ ಹೀರೋ ಸೈಕಲ್ಸ್ ಆರಂಭಿಸಿದರು. 1986ರ ಹೊತ್ತಿಗೆ ಅದು ಜಗತ್ತಿನ ಅತಿದೊಡ್ಡ ಸೈಕಲ್ ತಯಾರಕ ಸಂಸ್ಥೆಯೆಂದು ಗಿನ್ನೆಸ್ ಪುಸ್ತಕ ಸೇರಿತು. ವರ್ಲಿಯ ಹಿಂದ್ ಸೈಕಲ್ಸ್ ಮಾತ್ರ ಸೊರಗಿತು. 1980ರಲ್ಲಿ ಸೆನ್-ರಾಲೀಯೊಡನೆ ಅದನ್ನೂ ಕಾನೂನಿನ ಮೂಲಕ ರಾಷ್ಟ್ರೀಕರಿಸಿ, ನ್ಯಾಶನಲ್ ಬೈಸಿಕಲ್ ಕಾರ್ಪೊರೇಶನ್ ಎಂಬ ಹೊಸ ಹೆಸರಿನಲ್ಲಿ ನಡೆಸಲಾಯಿತು. ಕೊನೆಗೆ ಅದೂ ಮುಚ್ಚಿತು.

ಈ ಕಾರಖಾನೆಗಳ ಜೀವಾಳ ಒಂದೇ ನಮೂನೆಯ ಸೈಕಲ್ಲು: ಎತ್ತರದ ದೊಡ್ಡ ಚಕ್ರ, ಉಕ್ಕಿನ ಕೊಳವೆಗಳ ವಜ್ರಾಕೃತಿಯ ಚೌಕಟ್ಟು, ಹಿಂದೆ ಕ್ಯಾರಿಯರು. ಹಾಲಿನ ಕ್ಯಾನು, ಪಾವಿನ ಬುಟ್ಟಿ, ಡಬ್ಬಾವಾಲಾರ ಊಟದ ಡಬ್ಬಿ, ಹಿಂದೆ ಮುಂದೆ ಕುಳಿತ ಹೆಂಡತಿ ಮಕ್ಕಳು ಎಲ್ಲವನ್ನೂ ಹೊತ್ತದ್ದು ಇದೇ. ಈ ಸೈಕಲ್ಲಿನ ಗೆಲುವಿನ ಗುಟ್ಟು ಅದರ ಚೌಕಟ್ಟಿನಲ್ಲಷ್ಟೇ ಇಲ್ಲ, ಅದರ ಸಾಮಾನ್ಯತೆಯಲ್ಲಿದೆ. ಕಾರ್ಕಳದಲ್ಲಿ ಕೆಟ್ಟರೂ ಕುರ್ಲಾದಲ್ಲಿ ಕೆಟ್ಟರೂ ಅದೇ ಟಯರು, ಅದೇ ಸರಪಳಿ, ಅದೇ ಗುಂಡುಗಳು ಸಿಗುತ್ತವೆ.

ಆದುದರಿಂದಲೇ ವಿಚಿತ್ರ ಸೈಕಲ್ಲಿಗೆ ಕಾರಖಾನೆಯ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಚೌಕಟ್ಟಿನ ಆಕಾರ ಬದಲಾದರೆ ಕೊಳವೆಗಳನ್ನು ಹಿಡಿದಿಟ್ಟು ಬೆಸೆಯುವ ಅಚ್ಚುಗಳು ಬದಲಾಗಬೇಕು. ಚಕ್ರದ ಅಳತೆ ಬದಲಾದರೆ ಬೇರೆ ರಿಮ್ಮು, ಬೇರೆ ಟಯರು ಬೇಕು. ಹೊಸ ಅಚ್ಚಿನ ಖರ್ಚು ಸಾವಿರಾರು ಸೈಕಲ್ಲುಗಳ ಮೇಲೆ ಹಂಚಿಹೋದರೆ ಮಾತ್ರ ಬೆಲೆ ಇಳಿಯುತ್ತದೆ. ಸಾವಿರಾರು ಜನ ಕೊಳ್ಳುವರೆಂಬ ಭರವಸೆ ಇಲ್ಲದೆ ಮಾಲಿಕ ಅಚ್ಚು ಮಾಡಿಸುವುದಿಲ್ಲ, ಅಚ್ಚಿಲ್ಲದೆ ಸೈಕಲ್ಲಿಲ್ಲ, ಸೈಕಲ್ಲನ್ನು ಕಣ್ಣಿಂದ ಕಾಣದೆ ಜನ ಕೊಳ್ಳುವುದಿಲ್ಲ. ಪೇಟೆಂಟು ಪಡೆದರೆ ನಕಲು ಮಾಡುವವರನ್ನು ತಡೆಯಬಹುದೇ ಹೊರತು ಗಿರಾಕಿಯನ್ನು ಕರೆತರಲಾಗದು.

ಇದು ನಮ್ಮ ದೇಶದ ದೌರ್ಬಲ್ಯವೆಂದು ಭಾವಿಸಬೇಕಿಲ್ಲ. ಇಂಗ್ಲೆಂಡಿನಲ್ಲಿ ಅಲೆಕ್ಸ್ ಮೌಲ್ಟನ್ ಎಂಬ ಎಂಜಿನಿಯರ್ ಇದ್ದರು. ಮಿನಿ ಕಾರಿಗೆ ರಬ್ಬರಿನ ಸ್ಪ್ರಿಂಗು ಮಾಡಿಕೊಟ್ಟು ಹೆಸರಾದವರು. ಅವರು ಚಿಕ್ಕ ಚಕ್ರಗಳ, ಕುಲುಕಾಟವನ್ನು ರಬ್ಬರೇ ನುಂಗುವ ಹೊಸ ಸೈಕಲ್ಲೊಂದನ್ನು ರೂಪಿಸಿ ರಾಲೀ ಕಂಪನಿಯ ಮುಂದಿಟ್ಟರು. ಕಂಪನಿ ಒಲ್ಲೆನೆಂದಿತು. ಮೌಲ್ಟನ್ ತಮ್ಮ ಊರಾದ ಬ್ರಾಡ್‌ಫರ್ಡ್-ಆನ್-ಏವನ್‌ನಲ್ಲಿ ತಾವೇ ಕಾರಖಾನೆ ಹಾಕಿ 1962ರಲ್ಲಿ ಸೈಕಲ್ಲನ್ನು ಪೇಟೆಗೆ ತಂದರು. ಅದು ಗೆದ್ದಿತು. ರಾಲೀ 1965ರಲ್ಲಿ ತನ್ನದೇ ಚಿಕ್ಕ ಚಕ್ರದ ಸೈಕಲ್ಲನ್ನು ಇಳಿಸಿ ಪೈಪೋಟಿಗೆ ನಿಂತಿತು. 1967ರಲ್ಲಿ ಮೌಲ್ಟನ್ನರ ಸೈಕಲ್ ವ್ಯವಹಾರವನ್ನೇ ಕೊಂಡುಕೊಂಡಿತು.

ಮೌಲ್ಟನ್ ಉಳ್ಳವರು, ಉದ್ಯಮಿಗಳ ಮನೆತನದವರು. ಆ್ಯಂಡ್ರೂ ರಿಚಿಯ ಸ್ಥಿತಿ ಹಾಗಿರಲಿಲ್ಲ. ಕೇಂಬ್ರಿಜ್ಜಿನಲ್ಲಿ ಎಂಜಿನಿಯರಿಂಗ್ ಓದಿ, ತೋಟಗಾರಿಕೆಯ ಕೆಲಸ ಮಾಡುತ್ತಿದ್ದ ಈ ತರುಣ 1975ರ ಸುಮಾರಿಗೆ ಲಂಡನ್ನಿನ ತನ್ನ ಬಾಡಿಗೆ ಬಿಡಾರದಲ್ಲೇ ಮಡಚುವ ಸೈಕಲ್ಲೊಂದನ್ನು ಕಟ್ಟತೊಡಗಿದ. ಕಿಟಕಿಯಿಂದ ಕಾಣುತ್ತಿದ್ದ ಬ್ರಾಂಪ್ಟನ್ ಇಗರ್ಜಿಯ ಹೆಸರನ್ನೇ ಅದಕ್ಕಿಟ್ಟ. ತಯಾರಕರ ಬಾಗಿಲುಗಳನ್ನು ತಟ್ಟಿದ. ಮತ್ತೆ ಅದೇ ರಾಲೀ ಅವನನ್ನೂ ಹಿಂದಕ್ಕೆ ಕಳಿಸಿತು. ಕೊನೆಗೆ ರಿಚಿ ಕಂಡುಕೊಂಡ ದಾರಿ ಸರಳವಾದದ್ದು. ಮೂವತ್ತು ಮಂದಿಯಿಂದ ಮುಂಗಡ ಹಣ ಪಡೆದು, ಅವರಿಗಾಗಿ ಸೈಕಲ್ಲುಗಳನ್ನು ತಾನೇ ಕೈಯಾರೆ ಮಾಡಿಕೊಟ್ಟ. 1981ರಲ್ಲಿ ಸಣ್ಣ ಪ್ರಮಾಣದ ತಯಾರಿಕೆ ಶುರುವಾಯಿತು. ಮಡಚುವ ಕೀಲು ಒದಗಿಸುತ್ತಿದ್ದವರು ಕೈಬಿಟ್ಟಾಗ ಅದೂ ನಿಂತಿತು. ಅವನ ಸೈಕಲ್ಲನ್ನು ಕೊಂಡು ಬಳಸುತ್ತಿದ್ದ ಜೂಲಿಯನ್ ವೆರೆಕರ್ ಎಂಬ ಉದ್ಯಮಿ ಬೆನ್ನಿಗೆ ನಿಂತ ಮೇಲೆ, 1988ರಲ್ಲಿ ಲಂಡನ್ನಿನ ಬ್ರೆಂಟ್‌ಫರ್ಡಿನ ರೈಲು ಸೇತುವೆಯ ಕಮಾನಿನ ಕೆಳಗೆ ತಯಾರಿಕೆ ಮತ್ತೆ ಆರಂಭವಾಯಿತು. ಅಂದರೆ ಮೊದಲ ಮಾದರಿಯಿಂದ ನೆಲೆಯಾದ ಕಾರಖಾನೆಯವರೆಗೆ ಹದಿಮೂರು ವರ್ಷ! ಇಂದು ಬ್ರಾಂಪ್ಟನ್ ಸೈಕಲ್ಲು ಜಗತ್ತಿನ ಅನೇಕ ನಗರಗಳಲ್ಲಿ ರೈಲು ಪ್ರಯಾಣಿಕರ ಸಂಗಾತಿ.

ನಮ್ಮಲ್ಲಿ ಜಾಣ್ಮೆಗೆ ಬರವಿಲ್ಲ. ಬಿಹಾರದ ಮೋತಿಹಾರಿಯ ಮೊಹಮ್ಮದ್ ಸೈದುಲ್ಲಾ 1975ರ ನೆರೆಯ ಕಾಲದಲ್ಲಿ, ನೆಲದ ಮೇಲೂ ನೀರಿನ ಮೇಲೂ ಓಡುವ ಸೈಕಲ್ಲನ್ನು ಮಾಡಿದರು. ಗಾಳಿ ತುಂಬಿದ ತೇಲುಪೆಟ್ಟಿಗೆಗಳು, ಚಕ್ರದ ಕಡ್ಡಿಗಳಿಗೆ ಕಟ್ಟಿದ ರೆಕ್ಕೆಗಳು, ಇಷ್ಟೇ ಉಪಾಯ. 2000ದಲ್ಲಿ ಹುಟ್ಟಿದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಇಂಥವರನ್ನು ಹುಡುಕಿ ತೆಗೆಯಿತು. 2005ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಸೈದುಲ್ಲಾ ಅವರನ್ನು ಗೌರವಿಸಿದರು. ಪ್ರಶಸ್ತಿ ಬಂತು, ಹೆಸರು ಬಂತು. ಆದರೆ ಆ ಸೈಕಲ್ಲು ಅಂಗಡಿಯಲ್ಲಿ ಸಿಗುವ ಸರಕಾಗಲಿಲ್ಲ. ಅದರ ಅಗತ್ಯವಿದ್ದುದು ನೆರೆಗೆ ಸಿಕ್ಕ ಹಳ್ಳಿಗರಿಗೆ. ಮುಂಗಡ ಕೊಡುವ ಶಕ್ತಿ ಅವರಲ್ಲಿರಲಿಲ್ಲವೆಂಬುದು ಇಲ್ಲಿನ ವಿಷಾದದ ಸಂಗತಿ.

ಇದಕ್ಕೆ ಪ್ರತಿಯಾದ ಉದಾಹರಣೆ ನಮ್ಮ ತವರಿನಲ್ಲೇ ಇದೆ. ಅದು ಸೈಕಲ್ಲಲ್ಲ, ಆದರೆ ಸೈಕಲ್ಲಿಗಿಂತ ವಿಚಿತ್ರವಾದ ವಾಹನ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಯಂತ್ರವನ್ನು ರೂಪಿಸಿದ್ದು 2019ರಲ್ಲಿ ದೇಶದ ಗಮನ ಸೆಳೆಯಿತು. ಪುಟ್ಟ ಎಂಜಿನ್, ಮರವನ್ನು ಹಿಡಿದುಕೊಳ್ಳುವ ಚಕ್ರಗಳು, ಕೂರಲೊಂದು ಆಸನ. ಅದನ್ನು ಕೊಂಡವರು ಬೇರೆ ಯಾರೂ ಅಲ್ಲ, ಅವರಂತೆಯೇ ಅಡಿಕೆ ಬೆಳೆಯುವವರು. ತೋಟದಲ್ಲಿ ಮರ ಹತ್ತುವವರೇ ಸಿಗದ ಕಷ್ಟವನ್ನು ಅವರಿಗೆ ವಿವರಿಸಿ ಹೇಳಬೇಕಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಮರ ಹತ್ತಬಲ್ಲ ತರುಣರು ಊರು ಬಿಟ್ಟು ಎಲ್ಲಿಗೆ ಹೋದರೆಂಬ ಪ್ರಶ್ನೆಗೆ ಉತ್ತರ ಮಾತ್ರ ಮುಂಬಯಿಯ ನಮಗೆ ಚೆನ್ನಾಗಿ ಗೊತ್ತು.

ಮೊದಲು ಹತ್ತಿರದ ಗಿರಾಕಿ, ಆಮೇಲೆ ದೂರದ ಪೇಟೆ. ಈ ಪಾಠ ನಮ್ಮವರಿಗೆ ಹೊಸದಲ್ಲ. 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಊಟದ ಬೋರ್ಡಿಂಗ್ ತೆರೆದಾಗ ಅವರಿಗೆ ಆಸರೆಯಾದದ್ದು ಸುತ್ತಮುತ್ತ ನೆಲೆಸಿದ್ದ ದಕ್ಷಿಣದ ಜನ. ಇಡೀ ನಗರ ಆ ರುಚಿಗೆ ಒಲಿದದ್ದು ಬಳಿಕ.

ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆಯನ್ನು ನಾವು ಮಕ್ಕಳ ವಿಷಯದಲ್ಲಿ ತುಸು ಹೆಚ್ಚಾಗಿಯೇ ಪಾಲಿಸುತ್ತೇವೆ. ಕಷ್ಟಪಟ್ಟು ಊರು ಬಿಟ್ಟು ಬಂದವರಿಗೆ ಮಗ ಒಂದು ಭದ್ರವಾದ ನೌಕರಿ ಹಿಡಿದರೆ ಸಾಕೆನಿಸುವುದು ಸಹಜ. ತಪ್ಪೆನ್ನಲಾರೆ. ಆದರೆ ಗ್ಯಾಲರಿಯ ಮೂಲೆಯಲ್ಲಿ ಕುಳಿತು ಹಳೆಯ ಸೈಕಲ್ಲನ್ನು ಕತ್ತರಿಸಿ ಕೂಡಿಸುತ್ತಿರುವ ಹುಡುಗನಿಗೆ ನಾವು ಕೊಡಬಹುದಾದದ್ದು ಬರಿಯ ಭೇಷ್ ಮಾತ್ರವಲ್ಲ. ಅವನ ಸೈಕಲ್ಲನ್ನು ಏರಿ ನೋಡಬಹುದು, ಕುಂದನ್ನು ಮುಚ್ಚಿಡದೆ ಹೇಳಬಹುದು, ಚೆನ್ನಾಗಿದ್ದರೆ ಮುಂಗಡ ಕೊಡಬಹುದು. ರಿಚಿಗೆ ಬೇಕಾದದ್ದು ಮೊದಲಿಗೆ ಮೂವತ್ತೇ ಮಂದಿ. ಸಂಘದ ಒಂದು ಸಮಾರಂಭಕ್ಕೆ ಅದಕ್ಕಿಂತ ಹೆಚ್ಚು ಜನ ನಾವು ಸೇರುತ್ತೇವೆ.