ಅಡಿಕೆ, ತಂಬಾಕು ಮತ್ತು ಟಿ ಕೋಶ: ಕಲಬುರಗಿಯ ಬಾಯಿ ಕ್ಯಾನ್ಸರ್ ಸಂಶೋಧನೆಗೊಂದು ದಿಕ್ಕು

ಸಾರಾಂಶ

ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ರೋಗನಿರೋಧಕ ಕೋಶಗಳ ಸಂಕೇತ ವ್ಯವಸ್ಥೆ ಹೇಗೆ ಹದಗೆಡುತ್ತದೆ ಎಂಬ ನಮ್ಮ ತಿಳಿವಳಿಕೆಯ ಬಹುಪಾಲು ಪಾಶ್ಚಾತ್ಯ ರೋಗಿಗಳ ಅಧ್ಯಯನದಿಂದ ಬಂದದ್ದು. ಅಡಿಕೆ, ತಂಬಾಕು ಜಗಿಯುವುದರಿಂದ ಬರುವ ಬಾಯಿ ಕ್ಯಾನ್ಸರಿನಲ್ಲಿ ಈ ಕೆಡುಕು ಗಡ್ಡೆ ಕಾಣುವ ಮೊದಲೇ ಶುರುವಾಗಿರುವ ಸಾಧ್ಯತೆ ಬಲವಾಗಿದೆ ಎಂಬುದು ಈ ಲೇಖನದ ವಾದ. ಆದ್ದರಿಂದ ಕಲಬುರಗಿಯಲ್ಲಿ ಅಧ್ಯಯನವನ್ನು ಬಾಯಿ ಬಿಗಿತದ ಹಂತದಿಂದಲೇ ಆರಂಭಿಸಬೇಕು.

ಮುಖ್ಯ ಪದಗಳು: ಬಾಯಿ ಕ್ಯಾನ್ಸರ್, ಟಿ ಕೋಶ, ಪಿಡಿ-1, ಟಿಜಿಎಫ್-ಬೀಟಾ, ಅಡಿಕೆ, ಕಲಬುರಗಿ

1. ಪೀಠಿಕೆ

ತಲೆ-ಕುತ್ತಿಗೆ ಕ್ಯಾನ್ಸರ್ ಎಂಬ ಹೆಸರು ಒಂದೇ ಆದರೂ ರೋಗ ಒಂದಲ್ಲ. ಅಮೆರಿಕದಲ್ಲಿ ಎಚ್‌ಪಿವಿ ವೈರಸ್ಸಿನಿಂದ ಟಾನ್ಸಿಲ್ ಮತ್ತು ನಾಲಿಗೆಯ ಬುಡದಲ್ಲಿ ಬರುವ ಕ್ಯಾನ್ಸರ್ ಗಣನೀಯ ಪ್ರಮಾಣದಲ್ಲಿದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಕೆನ್ನೆಯ ಒಳಮೈ ಮತ್ತು ಕೆಳವಸಡಿನ ಕ್ಯಾನ್ಸರ್. ತಂಬಾಕು ಒತ್ತರಿಸಿಡುವ ಜಾಗವೂ ಅದೇ. ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ 2016-17ರ ಸುತ್ತಿನ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಜನ ತಂಬಾಕು ಬಳಸುತ್ತಾರೆ. ಹೊಗೆರಹಿತ ತಂಬಾಕು ಬಳಸುವವರು ಶೇ 16.3.

ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲಾ ಪಾಕೀಟು ಒಂದು, ತಂಬಾಕಿನ ಪಾಕೀಟು ಇನ್ನೊಂದು. ಎರಡನ್ನೂ ಅಂಗೈಗೆ ಸುರಿದು ಬೆರೆಸಿ ಬಾಯಿಗೆ ಹಾಕಿಕೊಳ್ಳುವುದು ರೂಢಿಯಾಯಿತು. ಮೋಮಿನಪುರವಿರಲಿ, ಕಮಲಾಪುರದ ಹೆದ್ದಾರಿ ಬದಿಯಿರಲಿ, ಈ ಜೋಡಿ ಪಾಕೀಟು ಸಿಗದ ಪಾನ್ ಅಂಗಡಿ ಅಪರೂಪ. ತಂಬಾಕು ಬಿಟ್ಟರೆ ಸಾಕು, ಅಡಿಕೆ ನಿರಪಾಯ ಎಂಬ ನಂಬಿಕೆಗೂ ಆಧಾರವಿಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಬರೀ ಅಡಿಕೆಯನ್ನೂ ಮೊದಲ ಗುಂಪಿನ ಕ್ಯಾನ್ಸರ್‌ಕಾರಕವೆಂದು ಪ್ರಕಟಿಸಿದೆ.

2. ಸಂಕೇತ ಮುರಿಯುವ ಬಗೆ

ಟಿ ಕೋಶ ಕ್ಯಾನ್ಸರ್ ಕೋಶವನ್ನು ಗುರುತಿಸಿದ ಮಾತ್ರಕ್ಕೆ ಕೊಲ್ಲುವುದಿಲ್ಲ. ಅದರ ಗ್ರಾಹಕಕ್ಕೆ ಪ್ರತಿಜನಕ ತಾಗಿದಾಗ ಸಿಡಿ3 ಸಮೂಹದ ಝೀಟಾ ಸರಪಳಿಗೆ ಫಾಸ್ಫೇಟ್ ಸೇರುತ್ತದೆ. ಇದು ಮೊದಲ ಸಂಕೇತ. ಸಿಡಿ28 ಮೂಲಕ ಬರುವುದು ಎರಡನೆಯದು. ಪಿಟ್ಸ್‌ಬರ್ಗ್‌ನಲ್ಲಿ ಥೆರೆಸಾ ವೈಟ್‌ಸೈಡ್ ಅವರ ತಂಡ ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳ ಗಡ್ಡೆಯೊಳಗಿನ ಟಿ ಕೋಶಗಳಲ್ಲಷ್ಟೇ ಅಲ್ಲ, ರಕ್ತದಲ್ಲಿ ಸಂಚರಿಸುವ ಟಿ ಕೋಶಗಳಲ್ಲೂ ಝೀಟಾ ಸರಪಳಿ ಕುಗ್ಗಿರುವುದನ್ನು ತೋರಿಸಿತು. ರೋಗ ಬಾಯಿಯಲ್ಲಿದ್ದರೂ ದೌರ್ಬಲ್ಯ ಮೈಯೆಲ್ಲ ಹರಡಿರುತ್ತದೆ ಎಂದಾಯಿತು.

ಎರಡನೆಯ ಅಡ್ಡಿ ಪಿಡಿ-1. ಕ್ಯೋಟೊದಲ್ಲಿ ತಸುಕು ಹೊಂಜೊ ಅವರ ತಂಡ 1992ರಲ್ಲಿ ಗುರುತಿಸಿದ ಈ ಗ್ರಾಹಕ ಟಿ ಕೋಶದ ಬ್ರೇಕ್. ಪಿಡಿ-ಎಲ್1 ಬಂದು ಕೂಡಿದೊಡನೆ ಎಸ್‌ಎಚ್‌ಪಿ-2 ಎಂಬ ಕಿಣ್ವ ಹತ್ತಿರದ ಸಂಕೇತ ಪ್ರೋಟೀನುಗಳ, ವಿಶೇಷವಾಗಿ ಸಿಡಿ28ರ, ಫಾಸ್ಫೇಟನ್ನು ಕಳಚಿಹಾಕುತ್ತದೆ. ಇಲ್ಲೊಂದು ವಿಪರ್ಯಾಸವಿದೆ. ದಾಳಿಗಿಳಿದ ಟಿ ಕೋಶ ಸುರಿಸುವ ಇಂಟರ್‌ಫೆರಾನ್-ಗಾಮಾ ಜೆಎಕೆ-ಸ್ಟ್ಯಾಟ್ ಮಾರ್ಗದ ಮೂಲಕ ಕ್ಯಾನ್ಸರ್ ಕೋಶದ ಮೇಲೆ ಪಿಡಿ-ಎಲ್1 ಹೆಚ್ಚಿಸುತ್ತದೆ. ದಾಳಿಯೇ ಬ್ರೇಕನ್ನು ಕರೆತರುತ್ತದೆ.

ಮೂರನೆಯದು ನಮ್ಮ ನೆಲದ ಅಧ್ಯಯನದ ಫಲ. ಭಾರತೀಯ ವಿಜ್ಞಾನಿಗಳ ತಂಡ 2013ರಲ್ಲಿ ವಸಡು-ಕೆನ್ನೆಯ ಕ್ಯಾನ್ಸರಿನ ಜೀನ್ ನಕ್ಷೆ ಪ್ರಕಟಿಸಿದಾಗ ಪದೇ ಪದೇ ಕೆಟ್ಟ ಜೀನುಗಳ ಸಾಲಿನಲ್ಲಿ ಕ್ಯಾಸ್ಪ್-8 ಕಾಣಿಸಿತು. ಟಿ ಕೋಶ ಫ್ಯಾಸ್ ಮಾರ್ಗದಿಂದ ಕೊಡುವ ಮರಣಾಜ್ಞೆ ಜಾರಿಯಾಗಬೇಕಾದರೆ ಈ ಜೀನಿನ ಪ್ರೋಟೀನು ಬೇಕು. ಅದು ಕೆಟ್ಟರೆ ಆ ಸಂಕೇತ ತಲುಪಿಯೂ ವ್ಯರ್ಥ.

3. ಗಡ್ಡೆಗೂ ಮೊದಲಿನ ಹಂತ

ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಳಿಚಿ, ಗಟ್ಟಿಯಾಗಿ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಖಾರ ನಾಲಿಗೆಗೆ ತಾಗಿದರೆ ಉರಿ. ವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಕೇರಳದ ಎರ್ನಾಕುಲಂನಲ್ಲಿ ಇಂಥ ರೋಗಿಗಳನ್ನು 17 ವರ್ಷ ಗಮನಿಸಿದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 7.6 ಮಂದಿಗೆ ಕ್ಯಾನ್ಸರ್ ಬಂದಿತ್ತು.

ಈ ಬಿಗಿತದ ಹಿಂದಿರುವ ಮುಖ್ಯ ಸಂಕೇತ ಟಿಜಿಎಫ್-ಬೀಟಾ. ಅಡಿಕೆಯ ಅಂಶಗಳು ಅದನ್ನು ಕೆರಳಿಸುತ್ತವೆ, ಅದು ಕೊಲಾಜನ್ ಪೇರಿಸುತ್ತದೆ. ಅದೇ ಟಿಜಿಎಫ್-ಬೀಟಾ ಕೊಲ್ಲುವ ಟಿ ಕೋಶಗಳನ್ನು ಮಂಕಾಗಿಸಿ, ತಡೆಯೊಡ್ಡುವ ಟಿ ಕೋಶಗಳನ್ನು ಬೆಳೆಸುತ್ತದೆ. ಮೂತ್ರಕೋಶದ ಕ್ಯಾನ್ಸರ್ ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಸಂಕೇತ ಟಿ ಕೋಶಗಳನ್ನು ನಾರಿನ ಹೊರವಲಯದಲ್ಲೇ ತಡೆದು ನಿಲ್ಲಿಸುತ್ತದೆಂದು ತೋರಿಸಿತು. ಬಾಯಿಯಲ್ಲಿ ಆ ನಾರು ಗಡ್ಡೆಗಿಂತ ಎಷ್ಟೋ ವರ್ಷ ಮೊದಲೇ ಸಿದ್ಧವಾಗಿರುತ್ತದೆ.

4. ಚಿಕಿತ್ಸೆಯ ಪುರಾವೆ

ಪಿಡಿ-1 ತಡೆಯುವ ನಿವೊಲುಮಾಬ್ ಔಷಧವನ್ನು 361 ರೋಗಿಗಳಲ್ಲಿ ಪರೀಕ್ಷಿಸಿದ 2016ರ ಚೆಕ್‌ಮೇಟ್-141 ಅಧ್ಯಯನದಲ್ಲಿ ಮಧ್ಯಕ ಬದುಕುಳಿವು 5.1 ತಿಂಗಳಿಂದ 7.5 ತಿಂಗಳಿಗೇರಿತು. ಔಷಧದ ಬೆಲೆ ಮಾತ್ರ ನಮ್ಮ ಬಹುತೇಕ ರೋಗಿಗಳ ಕೈಗೆಟುಕದು. ಮುಂಬೈನ ಟಾಟಾ ಮೆಮೋರಿಯಲ್ ತಂಡ ಇದಕ್ಕೆ ಬೇರೆ ದಾರಿ ಹುಡುಕಿತು. 240 ಮಿ.ಗ್ರಾಂ. ವಾಡಿಕೆಯ ಡೋಸಿನ ಬದಲು ಮೂರು ವಾರಕ್ಕೊಮ್ಮೆ 20 ಮಿ.ಗ್ರಾಂ. ನಿವೊಲುಮಾಬನ್ನು ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೋಟಿನಿಬ್ ಮಾತ್ರೆಗಳ ಜೊತೆ ಕೊಟ್ಟಿತು. 151 ರೋಗಿಗಳ ಈ ಅಧ್ಯಯನದಲ್ಲಿ ಒಂದು ವರ್ಷ ಬದುಕಿದವರ ಪ್ರಮಾಣ ಶೇ 16.3ರಿಂದ 43.4ಕ್ಕೆ ಏರಿತು. ಪೂರ್ಣ ಡೋಸಿನೊಂದಿಗೆ ಹೋಲಿಕೆ ಅದರಲ್ಲಿ ಇರಲಿಲ್ಲವೆಂಬ ಮಿತಿಯನ್ನು ಮರೆಯಬಾರದು. ಆದರೂ ನಮ್ಮ ರೋಗಿಗಳ ಬಗ್ಗೆ ನಮ್ಮಲ್ಲೇ ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರವಿದು.

5. ಕಲಬುರಗಿಯಲ್ಲಿ ಆಗಬೇಕಾದದ್ದು

ನಗರದಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆ, ವೈದ್ಯಕೀಯ ಮತ್ತು ದಂತವೈದ್ಯಕೀಯ ಕಾಲೇಜುಗಳಿವೆ. ಬಾಯಿ ಬಿಗಿತದ ರೋಗಿ ಮೊದಲು ಬರುವುದು ದಂತವೈದ್ಯರ ಬಳಿ. ಹಾಗಾಗಿ ಅಧ್ಯಯನವೂ ಅಲ್ಲಿಂದಲೇ ಹೊರಡಬೇಕು. ಮೂವತ್ತು ದಾಟಿದವರ ಬಾಯಿ ತಪಾಸಣೆ ಸರ್ಕಾರದ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದಲ್ಲಿ ಈಗಾಗಲೇ ಸೇರಿದೆ. ಮೋಮಿನಪುರದಂಥ ಬಡಾವಣೆಯಲ್ಲಿ ಒಪ್ಪಿಗೆ ಪತ್ರ ಕನ್ನಡದಲ್ಲೂ ಉರ್ದುವಿನಲ್ಲೂ ಇರಬೇಕು, ದಖನಿಯಲ್ಲಿ ವಿವರಿಸಿ ಹೇಳುವವರಿರಬೇಕು.

ತಾಂತ್ರಿಕ ಸವಾಲು ಚಿಕ್ಕದಲ್ಲ. ಪ್ರೋಟೀನಿಗೆ ಅಂಟಿದ ಫಾಸ್ಫೇಟ್, ಅಂದರೆ ನಾವು ಅಳೆಯಬೇಕಾದ ಸಂಕೇತವೇ, ಅಂಗಾಂಶ ಕತ್ತರಿಸಿದ ಕೆಲವೇ ಹೊತ್ತಿನಲ್ಲಿ ಅಳಿಸಿಹೋಗತೊಡಗುತ್ತದೆ. 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ಬಯಾಪ್ಸಿ ಚೂರನ್ನು ಬೆಂಗಳೂರಿಗೆ ಕಳಿಸಿ ಅಳೆಯುತ್ತೇವೆಂಬುದು ಆಗದ ಮಾತು. ಕತ್ತರಿಸಿದ ವೇಳೆ, ಫಾರ್ಮಲಿನ್‌ಗೆ ಹಾಕಿದ ವೇಳೆ ಎರಡನ್ನೂ ಪ್ರತಿ ಮಾದರಿಗೂ ಬರೆದಿಡಬೇಕು. ರಕ್ತದ ಕೋಶಗಳನ್ನು ಸ್ಥಳದಲ್ಲೇ ಬೇರ್ಪಡಿಸಿ ಶೈತ್ಯೀಕರಿಸಬೇಕು.

6. ಉಪಸಂಹಾರ

ಅಡಿಕೆಯಿಂದ ಕಟ್ಟಿದ ನಾರು ಟಿ ಕೋಶಗಳನ್ನು ದೂರವಿಟ್ಟಿದ್ದರೆ ಪಿಡಿ-1 ಬ್ರೇಕ್ ಸಡಿಲಿಸುವ ಔಷಧವೊಂದೇ ಸಾಲದು. ಈ ಊಹೆ ನಿಜವೋ ಸುಳ್ಳೋ ಎಂದು ತೀರ್ಮಾನಿಸಲು ಬಾಯಿ ಬಿಗಿತದ ಹಂತದ ಮತ್ತು ಗಡ್ಡೆಯ ಹಂತದ ಮಾದರಿಗಳನ್ನು ಒಂದೇ ಊರಿನಲ್ಲಿ, ಒಂದೇ ವಿಧಾನದಲ್ಲಿ ಹೋಲಿಸಬೇಕು. ಅದಕ್ಕೆ ಬೇಕಾದ ರೋಗಿಗಳೂ ಕಾಲೇಜುಗಳೂ ಕಲಬುರಗಿಯಲ್ಲಿವೆ. ದಂತವೈದ್ಯರು, ಕ್ಯಾನ್ಸರ್ ತಜ್ಞರು, ರೋಗಶಾಸ್ತ್ರಜ್ಞರು ಒಂದೇ ಮಾದರಿ ದಾಖಲೆಯನ್ನು ಹಂಚಿಕೊಂಡು ಕೆಲಸ ಆರಂಭಿಸಬೇಕು.