ರಾಣೆಬೆನ್ನೂರು ಬಿಟ್ಟುಹೋದ ಎರೆಭೂತ

ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳ ಕೆಲವು ಮಹಾನಗರಗಳಲ್ಲಿ ಗಗನಚುಂಬಿ ಕಟ್ಟಡಗಳ ಅಂಚಿನ ಮೇಲೆ ಪೆರೆಗ್ರಿನ್ ಡೇಗೆಗಳು ಮರಿ ಮಾಡುತ್ತವೆ. ಗೂಡಿನೆದುರು ವೆಬ್‌ಕ್ಯಾಮೆರಾ ಇರಿಸಿರುವುದರಿಂದ ಮೊಟ್ಟೆ ಒಡೆಯುವ ಕ್ಷಣವನ್ನು ಜನ ಮನೆಯಲ್ಲೇ ಕುಳಿತು ನೋಡುತ್ತಾರೆ. ಇದೇ ಹಕ್ಕಿ ಒಮ್ಮೆ ಅಲ್ಲಿ ಅಳಿವಿನಂಚಿಗೆ ಬಂದಿತ್ತು. ಡಿಡಿಟಿ ವಿಷ ಆಹಾರದ ಮೂಲಕ ತಾಯಿಹಕ್ಕಿಯ ಮೈಸೇರಿ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತಾಗಲೇ ಒಡೆಯುತ್ತಿತ್ತು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು; 1999ರ ವೇಳೆಗೆ ಡೇಗೆ ಅಲ್ಲಿನ ಅಪಾಯದ ಪಟ್ಟಿಯಿಂದ ಹೊರಬಂತು. ಕಡಿದಾದ ಬಂಡೆಯ ಮೇಲೆ ಮೊಟ್ಟೆಯಿಡುವ ಹಕ್ಕಿಗೆ ಇಪ್ಪತ್ತನೆಯ ಮಹಡಿಯೂ ಒಂದು ಬಂಡೆಯೇ.

ಹಾವೇರಿ ಸೀಮೆಯ ಹಕ್ಕಿಯೊಂದಕ್ಕೆ ಈ ಅದೃಷ್ಟ ಒದಗಲಿಲ್ಲ. ಅದು ಎರೆಭೂತ. ಕೆಲವೆಡೆ ಎರ್ಲಡ್ಡು ಎಂದೂ ಕರೆಯುತ್ತಾರೆ. ಎರೆ ಎಂದರೆ ಕಪ್ಪು ಮಣ್ಣಿನ ಹೊಲ. ಬ್ಯಾಡಗಿ ಮೆಣಸಿನಕಾಯಿ, ಹತ್ತಿ, ಜೋಳ ಬೆಳೆಯುವ ಆ ಬಯಲಿನಲ್ಲಿ ಒಂದು ಮೀಟರ್ ಎತ್ತರದ ಹಕ್ಕಿ ನಸುಕಿನಲ್ಲಿ ಅಲುಗದೆ ನಿಂತರೆ ಭೂತವೆಂದೇ ತೋರಬೇಕು. ಗಂಡು 15 ಕಿಲೋವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಇದು ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಗೂಡು ಕಟ್ಟುವುದಿಲ್ಲ. ಬರಿನೆಲದ ಮೇಲೆ ಸಾಮಾನ್ಯವಾಗಿ ವರ್ಷಕ್ಕೊಂದೇ ಮೊಟ್ಟೆ. ನರಿ, ನಾಯಿ, ದನದ ಗೊರಸು, ಎಲ್ಲಕ್ಕೂ ಅದು ಎಟುಕುತ್ತದೆ. ಆದ್ದರಿಂದ ಸುತ್ತಲೂ ದೂರದವರೆಗೆ ಕಣ್ಣಿಗೆ ಅಡ್ಡವಿಲ್ಲದ ಬಯಲೇ ಅದರ ಕೋಟೆ.

1974ರಲ್ಲಿ, ರಾಣೆಬೆನ್ನೂರು ಇನ್ನೂ ಅವಿಭಜಿತ ಧಾರವಾಡ ಜಿಲ್ಲೆಯಲ್ಲಿದ್ದಾಗ, ಸುಮಾರು 119 ಚದರ ಕಿಲೋಮೀಟರ್ ಪ್ರದೇಶವನ್ನು ಕೃಷ್ಣಮೃಗಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ಎರೆಭೂತಕ್ಕೂ ಆಗ ಅದು ನೆಲೆಯಾಗಿತ್ತು. ಕೃಷ್ಣಮೃಗಗಳು ಹೆಚ್ಚಿ ಸಾವಿರಾರು ಸಂಖ್ಯೆಗೆ ಮುಟ್ಟಿದವು. ಎರೆಭೂತ ಮಾತ್ರ ಕಾಣದಾಯಿತು. ಕುರುಚಲು ಹುಲ್ಲುಗಾವಲೆಂದರೆ ಪಾಳುಭೂಮಿ, ಅಲ್ಲಿ ಗಿಡ ನೆಟ್ಟರೆ ಪುಣ್ಯ ಎಂಬ ನಂಬಿಕೆಯಿಂದ ನೀಲಗಿರಿ ನೆಡಲಾಗಿತ್ತು. ಗಿಡಗಳು ಮರವಾದಂತೆ ಬಯಲು ಮುಚ್ಚಿಹೋಯಿತು. ಹಸಿರು ಮಾಡುವ ಸದುದ್ದೇಶವೇ ಒಂದು ಹಕ್ಕಿಯ ಮನೆ ಕಿತ್ತಿತು ಎಂದರೆ ಅರಣ್ಯಪ್ರಿಯರಿಗೆ ಇಂದಿಗೂ ಕಸಿವಿಸಿ. ಅದೇನೇ ಇರಲಿ, ಕಾಡು ಬೇರೆ, ಹುಲ್ಲುಗಾವಲು ಬೇರೆ ಎಂಬ ತಿಳಿವು ನಮಗೆ ತಡವಾಗಿ ಬಂತು.

ಈ ಹಕ್ಕಿಯನ್ನು ರಾಷ್ಟ್ರಪಕ್ಷಿಯಾಗಿಸಬೇಕೆಂದು ಪಕ್ಷಿತಜ್ಞ ಸಲೀಂ ಅಲಿ ವಾದಿಸಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಸಂದಿತು. ಹಕ್ಕಿಯ ಇಂಗ್ಲಿಷ್ ಹೆಸರು ಒಂದಕ್ಷರ ತಪ್ಪಿದರೂ ಬೈಗುಳವಾಗುವುದೇ ಅಡ್ಡಿಯಾಯಿತು ಎಂಬ ತಮಾಷೆಯ ಮಾತೂ ಇದೆ.

ಈಗ ದೇಶದಲ್ಲಿ ಉಳಿದಿರುವ ಕಾಡಿನ ಎರೆಭೂತಗಳು ನೂರೈವತ್ತನ್ನು ಮೀರಲಾರವೆಂಬ ಅಂದಾಜಿದೆ. ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಸುತ್ತ. ಎದುರಿನ ದೃಷ್ಟಿ ಮಂದವಾದ ಈ ಭಾರದ ಹಕ್ಕಿಗೆ ಅಲ್ಲಿ ವಿದ್ಯುತ್ ತಂತಿಗಳೇ ಯಮಪಾಶ. ಈ ವಿಷಯ 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದವರೆಗೂ ಹೋಯಿತು. 2019ರಿಂದ ಅಲ್ಲಿ ಕಾಡಿನ ಮೊಟ್ಟೆಗಳನ್ನು ತಂದು ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಸುತ್ತಿದ್ದಾರೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿ ಹುಟ್ಟಿತು. ಡೇಗೆಯನ್ನು ಜಗತ್ತು ಕ್ಯಾಮೆರಾದಲ್ಲಿ ನೋಡುವುದು ಕುತೂಹಲಕ್ಕೆ. ಈ ಮರಿಗಳ ಮೇಲೆ ಕಣ್ಣಿಡುವುದು ಒಂದನ್ನೂ ಕಳೆದುಕೊಳ್ಳುವಂತಿಲ್ಲ ಎಂಬ ಆತಂಕಕ್ಕೆ.

ಕರ್ನಾಟಕದಲ್ಲಿ ಎರೆಭೂತವನ್ನು ನೋಡಬೇಕೆಂದರೆ ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿಗೆ ಹೋಗಬೇಕು. ಅಲ್ಲಿಯೂ ಇರುವುದು ಬೆರಳೆಣಿಕೆಯಷ್ಟು.