ವ್ಯಾಪಾರ ಚಿಹ್ನೆಯ ಆಕ್ಷೇಪಣೆ: ವಿಳಂಬದ ಬೆಲೆಯನ್ನು ತೆರುವವರು ಯಾರು?

ವರ್ತಕನು ತನ್ನ ಸರಕಿನ ಹೆಸರನ್ನಾಗಲಿ ಗುರುತನ್ನಾಗಲಿ ನೋಂದಾಯಿಸಲು ಹೊರಟಾಗ ಅದನ್ನು ಯಾರು ಬೇಕಾದರೂ ಆಕ್ಷೇಪಿಸಬಹುದು. ಈ ವ್ಯವಸ್ಥೆಗೆ ಭಾರತದಲ್ಲಿ 1940ರ ಕಾಯಿದೆಯು ಶಾಸನರೂಪ ನೀಡಿತು. 1958 ಮತ್ತು 1999ರ ಕಾಯಿದೆಗಳು ಅದನ್ನು ಮುಂದುವರಿಸಿದವು. ಆಕ್ಷೇಪಣೆಯ ವಿಚಾರಣೆ ತಡವಾದರೆ ಅದರ ಬೆಲೆಯನ್ನು ಯಾರು ತೆರಬೇಕೆಂಬ ಪ್ರಶ್ನೆಗೆ ಕಾನೂನು ಕಾಲಕಾಲಕ್ಕೆ ನೀಡಿದ ಉತ್ತರಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲ ಉತ್ತರ ಖರ್ಚಿನ ಆದೇಶ. ನಿಯಮಗಳಿಗನುಸಾರವಾಗಿ ಖರ್ಚು ಕೊಡಿಸುವ ಅಧಿಕಾರ ರಿಜಿಸ್ಟ್ರಾರರಿಗೆ ಇದೆ. ಭಾರತದಲ್ಲಿ ವಾಸವಾಗಲಿ ವ್ಯಾಪಾರವಾಗಲಿ ಇಲ್ಲದ ಪಕ್ಷದಿಂದ ಖರ್ಚಿಗಾಗಿ ಮುಂಗಡ ಭದ್ರತೆಯನ್ನೂ ಕೇಳಬಹುದು. ಆದರೆ ಇಂಥ ಖರ್ಚು ನಡವಳಿಯದೇ ಹೊರತು ಕಳೆದುಹೋದ ಕಾಲದ್ದಲ್ಲ. ನೋಂದಣಿಯಾಗುವವರೆಗೆ ಅರ್ಜಿದಾರನು ಚಿಹ್ನೆಯ ಉಲ್ಲಂಘನೆಯ ದಾವೆ ಹೂಡಲಾರನು. 1958ರ ಕಾಯಿದೆಯಡಿ ನೋಂದಣಿಯ ಅವಧಿ ಏಳು ವರ್ಷ. ಅದರ ಎಣಿಕೆ ಅರ್ಜಿಯ ದಿನದಿಂದ. ಆಕ್ಷೇಪಣೆ ಏಳು ವರ್ಷ ಎಳೆದರೆ ನೋಂದಣಿ ಕೈಸೇರುವ ಹೊತ್ತಿಗೇ ನವೀಕರಣದ ಕಾಲ ಬಂದಿರುತ್ತಿತ್ತು. 1999ರ ಕಾಯಿದೆಯು ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಿತು.

ಎರಡನೆಯ ಉತ್ತರ ಇದಕ್ಕಿಂತ ಕಠಿಣವಾದುದು. ಗಡುವಿನೊಳಗೆ ಸಾಕ್ಷ್ಯ ಸಲ್ಲಿಸದವನು ಆಕ್ಷೇಪಣೆಯನ್ನು ಕೈಬಿಟ್ಟನೆಂದು ಭಾವಿಸಬೇಕೆಂದು 1959ರ ನಿಯಮಗಳು ವಿಧಿಸಿದ್ದವು. ಆದರೆ ರಿಜಿಸ್ಟ್ರಾರರು ಬೇರೆ ರೀತಿ ನಿರ್ದೇಶಿಸದಿದ್ದರೆ ಮಾತ್ರ. 2002ರ ನಿಯಮಗಳು ಈ ವಿನಾಯಿತಿಯನ್ನು ತೆಗೆದುಹಾಕಿ, ಎರಡು ತಿಂಗಳ ಗಡುವನ್ನು ಒಂದು ತಿಂಗಳು ಮಾತ್ರ ವಿಸ್ತರಿಸಲು ಆಸ್ಪದವಿತ್ತವು. ಈ ಗಡುವು ಕಡ್ಡಾಯವೆಂದು 2007ರಲ್ಲಿ ಸನ್‌ರೈಡರ್ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯ ತೀರ್ಮಾನಿಸಿತು. 2017ರ ನಿಯಮಗಳು ಆ ಒಂದು ತಿಂಗಳನ್ನೂ ಕೈಬಿಟ್ಟವು. ಸನ್ ಫಾರ್ಮಾ ಮತ್ತು ಡಾಬರ್ ಸಂಸ್ಥೆಗಳ ನಡುವಣ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯದ ವಿಭಾಗೀಯ ಪೀಠವು 2024ರಲ್ಲಿ ಈ ಕಟ್ಟುನಿಟ್ಟನ್ನು ಎತ್ತಿಹಿಡಿಯಿತು. ಹೀಗೆ ವಿಳಂಬಕ್ಕೆ ತೆರುವ ಬೆಲೆ ಹಣದಿಂದ ಹಕ್ಕಿಗೆ ಸರಿಯಿತು.

ಆಕ್ಷೇಪಣೆಯ ಗಡುವು ಮೀರಿ ನೋಂದಣಿಯಾದ ಬಳಿಕವೂ ಅದನ್ನು ಪ್ರಶ್ನಿಸುವ ಮಾರ್ಗವೊಂದಿದೆ. ಅದು ನೋಂದಣಿಯ ತಿದ್ದುಪಡಿ. ಇಲ್ಲಿ ಬೆಂಗಳೂರಿನ ಖೋಡೆ ಡಿಸ್ಟಿಲರೀಸ್ ಪ್ರಕರಣ ಗಮನಾರ್ಹ. ಈ ಸಂಸ್ಥೆಯು 1968ರಿಂದ ‘ಪೀಟರ್ ಸ್ಕಾಟ್’ ಹೆಸರಿನಲ್ಲಿ ವಿಸ್ಕಿ ತಯಾರಿಸುತ್ತಿತ್ತು. ಈ ಹೆಸರಿನ ವಿಷಯ 1974ರಲ್ಲೇ ಸ್ಕಾಚ್ ವಿಸ್ಕಿ ಸಂಘಕ್ಕೆ ತಿಳಿದಿತ್ತು. ಆದರೆ ಅದು ತಿದ್ದುಪಡಿಯ ಅರ್ಜಿ ಸಲ್ಲಿಸಿದ್ದು 1986ರಲ್ಲಿ. 1989ರಲ್ಲಿ ರಿಜಿಸ್ಟ್ರಾರರು ಸಂಘದ ಪರವಾಗಿ ಆದೇಶಿಸಿದರು. ಮದರಾಸು ಉಚ್ಚ ನ್ಯಾಯಾಲಯದಲ್ಲಿಯೂ ಖೋಡೆ ಸಂಸ್ಥೆ ಸೋತಿತು. 2008ರ ಮೇ 27ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪುಗಳನ್ನು ರದ್ದುಪಡಿಸಿತು. ತಿಳಿದೂ ಸುಮ್ಮನಿದ್ದುದು ಸಂಘದ ಸೋಲಿಗೆ ಮುಖ್ಯ ಕಾರಣಗಳಲ್ಲೊಂದಾಯಿತು.

ಇಲ್ಲಿಯ ಕಾಲಗಣನೆಯನ್ನು ಗಮನಿಸಬೇಕು. ಪಕ್ಷಗಾರನ ಹನ್ನೆರಡು ವರ್ಷಗಳ ಮೌನ ಅವನ ಲೆಕ್ಕಕ್ಕೆ ಬಂದಿತು. ಅರ್ಜಿಯಿಂದ ಅಂತಿಮ ತೀರ್ಪಿನವರೆಗಿನ ಇಪ್ಪತ್ತೆರಡು ವರ್ಷಗಳು ಯಾರ ಲೆಕ್ಕಕ್ಕೂ ಸೇರಲಿಲ್ಲ. ಚೆನ್ನೈಯಲ್ಲಿ 2003ರಲ್ಲಿ ಆರಂಭವಾದ ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿಯನ್ನು 2021ರಲ್ಲಿ ರದ್ದುಗೊಳಿಸಿ, ಅಲ್ಲಿಯ ಪ್ರಕರಣಗಳನ್ನು ಉಚ್ಚ ನ್ಯಾಯಾಲಯಗಳಿಗೆ ವರ್ಗಾಯಿಸಲಾಯಿತು. ಆಗಲೂ ಕಾಯುವ ಪಾಲು ಪಕ್ಷಗಾರರದೇ. ದೊಡ್ಡ ಸಂಸ್ಥೆಗೆ ಇಂಥ ಕಾಯುವಿಕೆ ಬರಿಯ ವೆಚ್ಚ. ಒಂದೇ ಹೆಸರನ್ನು ನಂಬಿದ ಸಣ್ಣ ವರ್ತಕನಿಗೆ ಅದು ವ್ಯಾಪಾರದ ಅಳಿವು–ಉಳಿವು. ಪಕ್ಷಗಾರನ ವಿಳಂಬವನ್ನು ತಿಂಗಳ ಲೆಕ್ಕದಲ್ಲಿ ಅಳೆಯಲು ಕಲಿತ ಕಾನೂನು ವ್ಯವಸ್ಥೆಯ ವಿಳಂಬವನ್ನು ಅಳೆಯುವ ಮಾನದಂಡವನ್ನು ಇನ್ನೂ ರೂಪಿಸಬೇಕಾಗಿದೆ.